ಲೆಕ್ಕ ಕೇಳಿದ ಕಾರಂತರು

ನಮ್ಮ ಮನೆಯಲ್ಲಿ ಘಟಪ್ರಭೆಯ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಮೂಡಲಗಿ ಬಳಿಯ ನಮ್ಮ ತಂದೆಯವರ ಹೊಲಕ್ಕೆ ಎಡದಂಡೆ ಕಾಲುವೆಯ ನೀರು ಬಂದು, ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು ನಿಂತಿತು. ಆ ಕಬ್ಬಿನ ದುಡ್ಡಿನಲ್ಲಿಯೇ ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದೆ. ಅದೇ ನೀರನ್ನು ಹಿಡಿದಿಡಲು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು ಎದ್ದಾಗ ತಾಯಿಯವರ ತವರಿನ ಹೊಲಮನೆಗಳು ಮುಳುಗಿದವು. ಬೇಸಿಗೆಯಲ್ಲಿ ಹಿನ್ನೀರು ಇಳಿದು, ಮುಳುಗಡೆಯಾದ ವಿಠ್ಠಲ ದೇವಾಲಯ ಕಾಣಿಸಿಕೊಂಡಾಗ ತಾಯಿ ಹೋಗಿ ಕೈಮುಗಿದು ಬರುತ್ತಿದ್ದರು. ತಂದೆ ಒಮ್ಮೆಯೂ ಹೋಗಲಿಲ್ಲ. ಒಂದೇ ಮನೆಯ ಈ ಲಾಭ ನಷ್ಟಗಳನ್ನು ಒಂದೇ ಪುಟದಲ್ಲಿ ಬರೆಯುವುದು ಹೇಗೆಂಬುದಕ್ಕೆ ನನ್ನ ಪಠ್ಯಪುಸ್ತಕಗಳಲ್ಲಿ ತೃಪ್ತಿಕರ ಉತ್ತರವಿರಲಿಲ್ಲ. ಆದರೂ ಆ ಲೆಕ್ಕವನ್ನು ಕೇಳಲೇಬೇಕೆಂದು ಕಲಿಸಿದವರು, ನಾನು ಎಂದೂ ಭೇಟಿಯಾಗದ ಶಿವರಾಮ ಕಾರಂತರು.

ಕಾರಂತರು ತೀರಿಕೊಂಡು ಕಾಲು ಶತಮಾನ ಮೀರಿದೆ. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಖಾದಿ ಪ್ರಚಾರ, ಪತ್ರಿಕೆ, ನಾಟಕ, ಮೂಕಿಚಿತ್ರ, ಯಕ್ಷಗಾನ, ಪುತ್ತೂರಿನ ಬಾಲವನ ಎಂದು ಕೈಯಿಕ್ಕದ ಕ್ಷೇತ್ರವಿಲ್ಲ. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂದುದು ಎಲ್ಲರಿಗೂ ತಿಳಿದ ಸಂಗತಿ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದೂ ಹಲವರ ನೆನಪಿನಲ್ಲಿದೆ. ಆದರೆ ಪರಿಸರದ ಕಾಳಜಿ ಅವರಿಗೆ ಇಳಿವಯಸ್ಸಿನಲ್ಲಿ ಅಂಟಿಕೊಂಡ ಹವ್ಯಾಸವೆಂದು ಭಾವಿಸುವವರು ಇಂದಿಗೂ ಇದ್ದಾರೆ. ರೇಚಲ್ ಕಾರ್ಸನ್ ಅವರ ಕಡಲಿನ ಕುರಿತ ಪುಸ್ತಕವನ್ನು ಕನ್ನಡಕ್ಕೆ ತಂದವರು, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಕುಳಿತು ಬರೆದವರು ಅವರೇ ಎಂಬುದನ್ನು ನೆನೆದರೆ ಈ ಭಾವನೆ ನಿಲ್ಲುವುದಿಲ್ಲ.

ಅವರು ಕಾಡಿನ ಆರಾಧಕರೂ ಆಗಿರಲಿಲ್ಲ. ‘ಬೆಟ್ಟದ ಜೀವ’ದ ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಮನುಷ್ಯ, ಅವನನ್ನು ಕಾರಂತರು ಅಕ್ಕರೆಯಿಂದಲೇ ಚಿತ್ರಿಸಿದ್ದಾರೆ. ಸಮಕಾಲೀನರಾದ ಕುವೆಂಪು ಅವರಿಗೆ ಮಲೆನಾಡಿನ ಕಾಡು ದರ್ಶನದ ನೆಲೆಯಾಗಿದ್ದರೆ, ಕಾರಂತರಿಗೆ ಅದು ಬಹುಮಟ್ಟಿಗೆ ಮನುಷ್ಯ ದುಡಿದು ಬದುಕುವ ಜಾಗ. ನಂತರದ ತಲೆಮಾರಿನ ಪೂರ್ಣಚಂದ್ರ ತೇಜಸ್ವಿಯವರು 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತಮ್ಮನ್ನು ರೂಪಿಸಿದವರನ್ನು ನೆನೆಯುವಾಗ ಕುವೆಂಪು, ಲೋಹಿಯಾ ಅವರೊಂದಿಗೆ ಕಾರಂತರನ್ನೂ ಹೆಸರಿಸಿದರು. ಸಿದ್ಧಾಂತಕ್ಕೆ ಜೋತುಬೀಳದೆ ಜೀವನವನ್ನೇ ಪ್ರಯೋಗಕ್ಕೆ ಒಡ್ಡಿದ ಹಿರಿಯರೊಬ್ಬರನ್ನು ಅವರು ಕಾರಂತರಲ್ಲಿ ಕಂಡಿದ್ದರು. ಸಾಲಿಗ್ರಾಮದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಅವರ ಬರವಣಿಗೆಗೆ ನೆರವಾದ ಮಾಲಿನಿ ಮಲ್ಯ ಅವರು, ಚದುರಿಹೋಗಿದ್ದ ಅವರ ಲೇಖನಗಳನ್ನು ಸಂಪುಟಗಳಾಗಿ ಕೂಡಿಸಿಕೊಟ್ಟರು. ಊರಿನ ಸಣ್ಣ ಸಂಗತಿಯಿಂದ ಅಣುಶಕ್ತಿಯವರೆಗೆ ಎಲ್ಲವನ್ನೂ ಒಂದೇ ನಿಷ್ಠುರತೆಯಿಂದ ಪರೀಕ್ಷಿಸುವ ಮನಸ್ಸು ಅಲ್ಲಿ ಕಾಣುತ್ತದೆ. ಆ ನಿಷ್ಠುರತೆ ಅನೇಕರನ್ನು ಕೆರಳಿಸಿತು.

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ದೇಶದ ಪರಿಸರ ಸ್ಥಿತಿಗತಿಯ ಬಗ್ಗೆ ನಾಗರಿಕರ ವರದಿಯೊಂದನ್ನು ಪ್ರಕಟಿಸಿತು. ಅದನ್ನು ಕನ್ನಡಿಸಿದವರು ಎಂಬತ್ತು ದಾಟಿದ ಕಾರಂತರು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಆ ಪುಸ್ತಕ ನನ್ನ ಕೈಗೆ ಬಂತು. ತರಗತಿಯಲ್ಲಿ ಬಾಹ್ಯ ವೆಚ್ಚ ಎಂದು ಅಡಿಟಿಪ್ಪಣಿಯಲ್ಲಿ ಓದಿದ್ದು ಅಲ್ಲಿ ಕೆರೆ, ಹುಲ್ಲುಗಾವಲು, ಸೌದೆ ಹೊರುವ ಹೆಂಗಸಿನ ರೂಪದಲ್ಲಿ ಎದುರು ನಿಂತಿತು. ಮೆಚ್ಚಿ ಓದಿದೆ, ಸರ್ಕಾರಿ ನೌಕರಿ ಸೇರಿದೆ, ಮರೆತೆ.

1986ರಲ್ಲಿ ಗೋಕಾಕ ತಾಲ್ಲೂಕಿನಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ ನೀಲಗಿರಿ ನೆಡಲು ಗಾಯರಾಣ ಜಮೀನುಗಳ ಪಟ್ಟಿ ತಯಾರಿಸುವ ಕೆಲಸ ನನಗೆ ಬಿತ್ತು. ಮೂಡಲಗಿ ಆಗ ಅದೇ ತಾಲ್ಲೂಕಿಗೆ ಸೇರಿತ್ತು. ನಮೂನೆಯಲ್ಲಿ ಸದ್ಯದ ಬಳಕೆ ಎಂಬ ಒಂದು ಕಾಲಂ ಇತ್ತು. ತಲಾಟಿಗಳು ಎಲ್ಲ ಕಡೆಯೂ ನಿರುಪಯುಕ್ತ ಎಂದೇ ತುಂಬಿ ತಂದರು. ಸ್ಥಳ ನೋಡಲು ಹೋದಾಗ ಹಾಲುಮತದ ಹಿರಿಯರೊಬ್ಬರು ಕುರಿಗಳ ನಡುವೆ ನಿಂತು, ಇನ್ನು ಮುಂದೆ ಇವುಗಳನ್ನು ಯಾವ ದಿಕ್ಕಿಗೆ ಹೊಡೆದುಕೊಂಡು ಹೋಗಬೇಕೆಂದು ವಿನಯದಿಂದಲೇ ಕೇಳಿದರು. ನಾನು ಉತ್ತರಿಸದೆ ಜೀಪು ಹತ್ತಿದೆ. ಸಂಜೆ ಪಟ್ಟಿಗೆ ಸಹಿ ಹಾಕಿದೆ. ಯಾರೂ ಒತ್ತಡ ಹೇರಿರಲಿಲ್ಲ. ಪ್ರಶ್ನಿಸುವ ಅಧಿಕಾರ ನನಗಿತ್ತು, ಪ್ರಶ್ನಿಸಲಿಲ್ಲ.

ಅದೇ ಕಾಲದಲ್ಲಿ, ನಮ್ಮ ಜಿಲ್ಲೆಯಿಂದ ಬಹಳ ದೂರವಲ್ಲದ ಕಡೆ, ಇದೇ ಪ್ರಶ್ನೆಯನ್ನು ಕಾರಂತರು ನ್ಯಾಯಾಲಯದಲ್ಲಿ ಎತ್ತಿದರು. ಸರ್ಕಾರ ಮತ್ತು ಖಾಸಗಿ ಕಂಪನಿಯ ಜಂಟಿ ಸಂಸ್ಥೆಯಾದ ಕರ್ನಾಟಕ ಪಲ್ಪ್‌ವುಡ್ಸ್‌ಗೆ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕೊಡುವ ಯೋಜನೆ ಅದು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯದೊಂದಿಗೆ ಕಾರಂತರೂ ಸುಪ್ರೀಂ ಕೋರ್ಟ್‌ನಲ್ಲಿ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟು ಬಂಧನಕ್ಕೊಳಗಾದರು. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು. ಪತ್ರಿಕೆಯಲ್ಲಿ ಕುಸನೂರಿನ ಸುದ್ದಿ ಓದಿದ ದಿನ ನನಗೆ ನೆನಪಾದುದು ಆ ಕುರಿಗಳು. ನಿರುಪಯುಕ್ತವೆಂದು ನಾನು ಸಹಿ ಹಾಕಿದ್ದ ನೆಲ ಒಂದು ಸಂಸಾರದ ಬಂಡವಾಳವಾಗಿತ್ತು.

ಕೈಗಾ ಹೋರಾಟದಲ್ಲಿ ಕಾರಂತರ ಈ ಹಟ ಪರಾಕಾಷ್ಠೆ ಮುಟ್ಟಿತು. ಕಾಳಿ ನದಿಯ ದಂಡೆಯಲ್ಲಿ ಅಣುಸ್ಥಾವರ ಬೇಡವೆಂದು, 1989ರಲ್ಲಿ, 87ರ ವಯಸ್ಸಿನಲ್ಲಿ, ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಹೊನ್ನಾವರದ ಕಡೆಯ ಹಳ್ಳಿಗಳಲ್ಲಿ ದುಡಿಯುತ್ತಿದ್ದ ವೈದ್ಯೆ ಕುಸುಮಾ ಸೊರಬ, ವಿಷಯವನ್ನು ತಿಳಿಗನ್ನಡದಲ್ಲಿ ವಿವರಿಸುತ್ತಿದ್ದ ಪತ್ರಕರ್ತ ನಾಗೇಶ ಹೆಗಡೆ ಮೊದಲಾದ ಕಿರಿಯರ ದನಿಗೆ ಅವರ ಹಿರಿತನ ಬಲ ತಂದಿತು.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. 1994ರಲ್ಲಿ, ನಿರ್ಮಾಣದ ಹಂತದಲ್ಲಿಯೇ, ಸ್ಥಾವರವೊಂದರ ಗುಮ್ಮಟದ ಒಳಭಾಗ ಕುಸಿದಾಗ ಕಾರಂತರ ಆತಂಕಕ್ಕೆ ಪುಷ್ಟಿ ಬಂದಿತ್ತು. ಆದರೆ 2000ದಿಂದೀಚೆಗೆ ಕೈಗಾ ವಿದ್ಯುತ್ ನೀಡುತ್ತ ಬಂದಿದೆ. ಅದರ ಒಂದು ಘಟಕ 2018ರಲ್ಲಿ 962 ದಿನಗಳ ನಿರಂತರ ಚಾಲನೆಯ ದಾಖಲೆ ಮಾಡಿತು. ಕಾರಂತರ ಭಯ ಅತಿಯಾಯಿತೇ ಎಂದು ಕೇಳುವವರನ್ನು ತಪ್ಪೆನ್ನಲಾರೆ. ಆದರೂ, ಯಾರ ಹಿತಕ್ಕಾಗಿ, ಯಾರ ನಷ್ಟದಲ್ಲಿ, ಯಾರನ್ನು ಕೇಳಿ ಎಂಬ ಅವರ ವಾದಕ್ಕೆ ವಿದ್ಯುತ್ತಿನ ಯೂನಿಟ್ಟುಗಳು ಉತ್ತರವಾಗುವುದಿಲ್ಲ. ಅವರ ತೀರ್ಮಾನವನ್ನು ಒಪ್ಪದವರೂ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. ಕುಸನೂರಿನ ಸತ್ಯಾಗ್ರಹಕ್ಕೆ ಮೂವತ್ತು ವರ್ಷ ತುಂಬಿದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಿವೃತ್ತನಾಗಿ ನಾನೀಗ ಗೋಕಾಕದಲ್ಲಿದ್ದೇನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದ್ದನ್ನು ಕಂಡೆವು. ಮೂಡಲಗಿಯ ನಮ್ಮ ಹೊಲದ ಒಂದು ಮೂಲೆ, ಅತಿಯಾಗಿ ನೀರುಂಡು ಸವಳಾಗಿ ಬಿಳಿಚಿಕೊಂಡಿದೆ. ತಂದೆಯವರು ಲಾಭದ ಕಡೆ ಬರೆದಿದ್ದ ನೆಲವೂ ಈಗ ಕೊಂಚ ಕೊಂಚವಾಗಿ ತಾಯಿಯವರ ಕಾಲಂಗೆ ಸರಿಯುತ್ತಿದೆ. ಹಾಗೆಂದು ಅಣೆಕಟ್ಟೇ ತಪ್ಪೆಂದು ನಾನು ಹೇಳಲಾರೆ. ಅದರ ನೀರಿನಲ್ಲಿ ಬೆಳೆದವನು ನಾನು. ಆ ಮೂಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಷ್ಟೇ ಹೇಳಬಲ್ಲೆ.

1986ರ ಆ ಪಟ್ಟಿ ಯಾವ ದಫ್ತರದಲ್ಲಿದೆಯೋ ತಿಳಿಯದು. ತಿದ್ದುವ ಅವಕಾಶ ಸಿಕ್ಕಿದ್ದರೆ ಸದ್ಯದ ಬಳಕೆಯ ಕಾಲಂನಲ್ಲಿ, ಆ ಹಿರಿಯರನ್ನು ಕೇಳಿ, ಕುರಿಗಳ ಸಂಖ್ಯೆಯನ್ನು ಬರೆಯುತ್ತಿದ್ದೆ.