ಬಿಸಿಲಿನಿಂದ ಗಾಳಿಯ ಧೂಳು ಅಳೆದ ಅನ್ನಾ ಮಣಿ

ಹೊನ್ನಾವರ: ಮಳೆಗಾಲ ಮುಗಿದು ಚಳಿ ಕಾಲಿಡುವ ವೇಳೆಗೆ ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳಲ್ಲಿ ಬೆಳಗಿನ ಜಾವ ತೆಳುವಾದ ಮುಸುಕೊಂದು ಕವಿದಿರುತ್ತದೆ. ಅದರಲ್ಲಿ ಮಂಜೆಷ್ಟು, ರಾಷ್ಟ್ರೀಯ ಹೆದ್ದಾರಿ 66ರ ಧೂಳೆಷ್ಟು, ಬಚ್ಚಲ ಒಲೆಯ ಹೊಗೆಯೆಷ್ಟು, ಕಡಲಿನಿಂದ ಬಂದ ಉಪ್ಪಿನ ಕಣವೆಷ್ಟು ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಇಂದು ಉಪಗ್ರಹದ ಮಾಹಿತಿ ಹಾಗೂ ಸಂಖ್ಯಾಶಾಸ್ತ್ರದ ಮಾದರಿಗಳ ನೆರವಿನಿಂದ ಊರೂರಿನ ಸೂಕ್ಷ್ಮ ಕಣಗಳ ನಕ್ಷೆ ಸಿದ್ಧವಾಗುತ್ತಿದೆ. ಆದರೆ ಉಪಗ್ರಹಗಳು ಈ ಕೆಲಸಕ್ಕೆ ಇಳಿಯುವ ಎಷ್ಟೋ ಮೊದಲೇ, ನೆಲದ ಮೇಲೆ ನಿಂತು ಬಿಸಿಲಿನ ಮೂಲಕ ಗಾಳಿಯ ಧೂಳನ್ನು ಅಳೆಯುವ ಕ್ರಮವನ್ನು ಭಾರತದಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು ಹವಾಮಾನ ವಿಜ್ಞಾನಿ ಅನ್ನಾ ಮಣಿ.

ಓಲೆಯ ಬದಲು ವಿಶ್ವಕೋಶ

ಅನ್ನಾ ಮಣಿ ಜನಿಸಿದ್ದು 1918ರ ಆಗಸ್ಟ್ 23ರಂದು, ಅಂದಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ತಂದೆ ಸಿವಿಲ್ ಎಂಜಿನಿಯರ್. ಮನೆತನಕ್ಕೆ ಏಲಕ್ಕಿ ತೋಟಗಳಿದ್ದವು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಮುಂದಾದಾಗ, ಬಾಲಕಿ ಅದನ್ನು ನಿರಾಕರಿಸಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೇಳಿ ಪಡೆದಳು. ಗಾಂಧೀಜಿಯವರ ಪ್ರಭಾವದಿಂದ ಖಾದಿ ಉಡಲಾರಂಭಿಸಿ, ಬದುಕಿನುದ್ದಕ್ಕೂ ಅದನ್ನು ಬಿಡಲಿಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದ ಅವರು 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ಓಲೆಯಾಗಿ ಬೇಡವಾಗಿದ್ದ ವಜ್ರ ಇಲ್ಲಿ ಸಂಶೋಧನೆಯ ವಸ್ತುವಾಯಿತು. ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೀರಿ ಮರಳಿ ಸೂಸುವ ಬಗೆಯನ್ನು ಅವರು ಅಭ್ಯಸಿಸಿದರು. ಒಂದೊಂದು ಛಾಯಾಫಲಕಕ್ಕೂ ಹದಿನೈದು ಇಪ್ಪತ್ತು ತಾಸು ಬೆಳಕು ಬೀಳಬೇಕಿದ್ದುದರಿಂದ ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು.

ಐದು ಪ್ರಬಂಧಗಳನ್ನು ಪ್ರಕಟಿಸಿ 1945ರಲ್ಲಿ ಡಾಕ್ಟರೇಟ್‌ಗಾಗಿ ಮಹಾಪ್ರಬಂಧ ಸಲ್ಲಿಸಿದರೂ ಪದವಿ ದಕ್ಕಲಿಲ್ಲ. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣ ನೀಡಿ ಮದರಾಸು ವಿಶ್ವವಿದ್ಯಾಲಯ ಅದನ್ನು ನಿರಾಕರಿಸಿತು. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು.

ಪುಣೆಯ ಕಾರ್ಯಾಗಾರ

ಅದೇ ವರ್ಷ ವಿದ್ಯಾರ್ಥಿವೇತನದೊಂದಿಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿದ ಅವರಿಗೆ ಲಭಿಸಿದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ದೇಶ ಸಾಮಾನ್ಯ ಉಪಕರಣಗಳಿಗೂ ಹೊರದೇಶವನ್ನೇ ಅವಲಂಬಿಸಿತ್ತು. ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಸಿದ್ಧಗೊಳಿಸಿ ಇಲ್ಲಿಯೇ ತಯಾರಿಸುವ ಕಾರ್ಯದಲ್ಲಿ ಅವರು ತೊಡಗಿದರು. 1953ರ ವೇಳೆಗೆ 121 ಪುರುಷರಿದ್ದ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂಬುದು ಅವರ ಅಚಲ ನಿಲುವಾಗಿತ್ತು.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಅವರು ರೂಪಿಸಿದರು. ಬಿಸಿಲು ನೆಲಕ್ಕೆ ಬರುವ ಹಾದಿಯಲ್ಲಿ ಧೂಳು, ಹೊಗೆಯ ಕಣಗಳು ಅದರ ಒಂದಷ್ಟು ಪಾಲನ್ನು ತಡೆಯುತ್ತವೆ. ಬೇರೆ ಬೇರೆ ಬಣ್ಣದ ಗಾಜಿನ ಶೋಧಕಗಳ ಮೂಲಕ ನೇರ ಬಿಸಿಲನ್ನು ಅಳೆದರೆ ಯಾವ ಬಣ್ಣ ಎಷ್ಟು ಕುಂದಿದೆ ಎಂಬುದು ತಿಳಿಯುತ್ತದೆ. ಕಣ ಸೂಕ್ಷ್ಮವಾದಷ್ಟೂ ಕೆಂಪಿಗಿಂತ ನೀಲಿ ಹೆಚ್ಚು ಕುಂದುತ್ತದೆ. ಸ್ವೀಡನ್ನಿನ ವಿಜ್ಞಾನಿ ಆಂಗ್‌ಸ್ಟ್ರಾಮ್ ರೂಪಿಸಿದ ಈ ಲೆಕ್ಕವನ್ನು ಭಾರತದ ಅಳತೆಗಳಿಗೆ ಅನ್ವಯಿಸಿ, ಅನ್ನಾ ಮಣಿ ಹಾಗೂ ಇಬ್ಬರು ಸಹೋದ್ಯೋಗಿಗಳು 1969ರಲ್ಲಿ ಟೆಲ್ಲಸ್ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು.

1963ರಲ್ಲಿ ಆರಂಭವಾದ ತುಂಬಾ ರಾಕೆಟ್ ಕೇಂದ್ರಕ್ಕೆ ಹವಾಮಾನ ವೀಕ್ಷಣಾಲಯ ಒದಗಿಸಿದ್ದು, ಓಝೋನ್ ಅಳೆಯುವ ಸ್ವದೇಶಿ ಉಪಕರಣ ಸಿದ್ಧಪಡಿಸಿದ್ದು ಅವರ ಇತರ ಸಾಧನೆಗಳು. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಬಳಿಕ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1980 ಮತ್ತು 1981ರಲ್ಲಿ ಭಾರತದ ಸೌರ ವಿಕಿರಣ ಕುರಿತ ಎರಡು ಗ್ರಂಥಗಳನ್ನು ಹೊರತಂದರು. ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯನ್ನೂ ಬೆಂಗಳೂರಿನಲ್ಲಿ ನಡೆಸಿದರು.

ನಕ್ಷೆಯ ಬಣ್ಣ, ನೆಲದ ಅಳತೆ

1999ರ ಡಿಸೆಂಬರ್‌ನಲ್ಲಿ ಉಡಾವಣೆಗೊಂಡ ಟೆರ್ರಾ ಮೊದಲಾದ ಉಪಗ್ರಹಗಳು ಇದೇ ವಿಷಯವನ್ನು ಮೇಲಿನಿಂದ ನೋಡಿದವು. ಅನ್ನಾ ಮಣಿಯವರ ಉಪಕರಣ ಕೆಳಗಿನಿಂದ ಸೂರ್ಯನನ್ನು ನೋಡಿದರೆ, ಉಪಗ್ರಹ ಕಣಗಳಿಂದ ಚದುರಿ ಮೇಲಕ್ಕೆ ಮರಳುವ ಬೆಳಕನ್ನು ಅಳೆಯುತ್ತದೆ. ಆದರೆ ಅದಕ್ಕೆ ಕಾಣುವುದು ನೆಲದಿಂದ ಆಕಾಶದವರೆಗಿನ ಇಡೀ ವಾಯುಸ್ತಂಭದ ಕಣಗಳು. ಮನುಷ್ಯ ಉಸಿರಾಡುವ ಮಟ್ಟದಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳೆಷ್ಟಿವೆ ಎಂಬುದನ್ನು ಗಾಳಿ, ತೇವಾಂಶ, ರಸ್ತೆ, ಭೂಬಳಕೆಯ ಮಾಹಿತಿ ಸೇರಿಸಿ ಸಂಖ್ಯಾಶಾಸ್ತ್ರದ ಮಾದರಿ ಅಂದಾಜಿಸಬೇಕು. ಆ ಮಾದರಿಗೆ ಪಾಠ ಹೇಳುವುದು ನೆಲದ ಮೇಲಿನ ಮಾಪನ ಕೇಂದ್ರ.

ಕರಾವಳಿಯ ಮೂರು ತಾಲೂಕುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿರುವುದರಿಂದ ಉಪಗ್ರಹಕ್ಕೆ ಇಲ್ಲಿನ ಗಾಳಿ ಕಾಣುವುದೇ ಅಪರೂಪ. ಕಡಲ ತೇವಕ್ಕೆ ಕಣಗಳು ಊದಿಕೊಂಡು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತವೆ. ಆರಂಭದ ನಕ್ಷೆಗಳ 10 ಕಿ.ಮೀ. ಚೌಕವೊಂದರಲ್ಲಿ ಕಡಲು, ಪೇಟೆ, ಬೆಟ್ಟ ಮೂರೂ ಸೇರಿಬಿಡುತ್ತಿದ್ದವು. ನಂತರ ಅದು 1 ಕಿ.ಮೀ.ಗೆ ಇಳಿದರೂ ಉಳಿದ ತೊಡಕುಗಳು ನೀಗಿಲ್ಲ. ದೂರದ ಮಹಾನಗರದ ಗಾಳಿಯಿಂದ ಕಲಿತ ಮಾದರಿ ಕುಮಟಾದ ಉಪ್ಪುಗಾಳಿಯನ್ನು ತಪ್ಪಾಗಿ ಓದಬಹುದು.

ಹೆದ್ದಾರಿ ಬದಿಯ ಅಂಗಡಿಕಾರರಿಗೆ, ಒಲೆಯ ಮುಂದೆ ಕೂರುವ ಮಹಿಳೆಯರಿಗೆ, ಉಬ್ಬಸದ ಮಕ್ಕಳಿಗೆ ಇದು ಲೆಕ್ಕದ ಮಾತಷ್ಟೇ ಅಲ್ಲ. 2009ರಲ್ಲಿ ಪ್ರಕಟವಾದ ಭಾರತದ ಮಾನದಂಡದಂತೆ ಈ ಕಣಗಳ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ತಪ್ಪು ಅಂದಾಜು ಊರೊಂದನ್ನು ಸುರಕ್ಷಿತವೆಂದು ತೋರಿಸಿದರೆ ಅಲ್ಲಿ ಪರಿಹಾರಕ್ಕೆ ಯಾರೂ ಮುಂದಾಗುವುದಿಲ್ಲ. ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯ ಉಷ್ಣಾಂಶ, ಮಳೆಯ ದಾಖಲೆ ಇಡುತ್ತಿದೆ. ಸೂಕ್ಷ್ಮ ಕಣಗಳಿಗೂ ಅಂಥದೇ ನಿರಂತರ, ಸ್ಥಳೀಯ ಅಳತೆ ದೊರೆತಾಗಲೇ ನಕ್ಷೆಯ ಬಣ್ಣಕ್ಕೆ ಬೆಲೆ.

1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅನ್ನಾ ಮಣಿ, 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ಅವಿವಾಹಿತರಾಗಿಯೇ ಉಳಿದಿದ್ದ ಅವರಿಗೆ ಡಾಕ್ಟರೇಟ್ ಕೊನೆಗೂ ದೊರೆಯಲಿಲ್ಲ. ಅವರು ಪಟ್ಟು ಹಿಡಿದು ಕಲಿಸಿದ ನಿಖರ ಅಳತೆಯ ಶಿಸ್ತನ್ನು ಇಂದಿನ ಉಪಗ್ರಹ ನಕ್ಷೆಗಳೂ ಬೇಡುತ್ತಿವೆ.