ವಿಷ್ಣು ದಿಗಂಬರರು ಮತ್ತು ಬಾಲಕರ ಸಂಗೀತಶಿಕ್ಷಣ

ನಮ್ಮ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತವು ಬಹುಮಾನ ವಿತರಣೆಯ ದಿನ ಅತಿಥಿಗಳ ಮುಂದೆ ಹಾಡಿಸುವ ಸ್ವಾಗತಗೀತದೊಂದಿಗೇ ಮುಗಿದುಹೋಗುತ್ತದೆ. ಲೆಕ್ಕಕ್ಕೆ ವೇಳೆಯುಂಟು, ವ್ಯಾಕರಣಕ್ಕೆ ವೇಳೆಯುಂಟು. ಸ್ವರಕ್ಕೆ ಮಾತ್ರ ವೇಳೆಯಿಲ್ಲ. ಇಂಥ ಸ್ಥಿತಿಯಲ್ಲಿ, ಸಂಗೀತವನ್ನು ತರಗತಿಯ ಪಾಠವನ್ನಾಗಿ ಮಾಡುವದಕ್ಕೆ ಆಯುಷ್ಯವನ್ನೇ ಸವೆಸಿದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಚರಿತ್ರವನ್ನು ವಾಚಕರ ಮುಂದಿಡುವದು ಉಚಿತವೆಂದು ನಾವು ಭಾವಿಸುತ್ತೇವೆ.

ಪಂಡಿತರು 1872ನೆಯ ಇಸವಿಯ ಆಗಸ್ಟ 18ರಂದು ನಮ್ಮ ಬೆಳಗಾವಿ ಸೀಮೆಗೆ ಸಮೀಪದ ಕುರುಂದವಾಡದಲ್ಲಿ ಜನಿಸಿದರು. ತಂದೆಯವರು ಕೀರ್ತನಕಾರರು. ಬಾಲ್ಯದಲ್ಲಿ ದತ್ತಜಯಂತಿಯ ಉತ್ಸವದಲ್ಲಿ ಮದ್ದು ಸಿಡಿದು ಬಾಲಕನ ಕಣ್ಣುಗಳಿಗೆ ಪೆಟ್ಟಾಯಿತು. ಶಾಲೆಯ ಓದು ಅಲ್ಲಿಗೆ ನಿಂತಿತು. ಚಿಕಿತ್ಸೆಗೆಂದು ಮಿರಜಿಗೆ ಬಂದ ಹುಡುಗನು ಅಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯನಾಗಿ ಗ್ವಾಲೇರ ಪರಂಪರೆಯ ಗಾಯನವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದನು. ಅಂದಿನ ಕಾಲಕ್ಕೆ ಈ ವಿದ್ಯೆಯು ಗುರುಸೇವೆಯಿಂದಲೂ ಗುರುಕೃಪೆಯಿಂದಲೂ ಕೆಲವರಿಗೆ ಮಾತ್ರ ದೊರೆಯುವಂಥದಾಗಿತ್ತು. ಗವಾಯಿಗಳ ಗಾನವು ದೊರೆಗಳಿಗೆ ಬೇಕಾಗಿತ್ತು. ಗವಾಯಿಗಳಿಗೆ ಮಾತ್ರ ಸಭೆಯಲ್ಲಿ ಸಮಾನ ಪೀಠವಿರಲಿಲ್ಲ. ಮಿರಜಿನ ಒಂದು ಸಮಾರಂಭಕ್ಕೆ ತಮಗೆ ಆಮಂತ್ರಣ ಬಂದು, ಗುರುಗಳಿಗೆ ಬಾರದಿದ್ದುದನ್ನು ಕಂಡು ಪಂಡಿತರು ನೊಂದರೆಂದು ಚರಿತ್ರಕಾರರು ಹೇಳುವರು.

1896ರಲ್ಲಿ ಮಿರಜನ್ನು ಬಿಟ್ಟು ಹೊರಟ ಅವರು ದೇಶಸಂಚಾರ ಮಾಡಿದರು. ಆಸ್ಥಾನದ ಆಶ್ರಯವನ್ನು ನೆಚ್ಚದೆ, ಟಿಕೀಟಿನ ಹಣ ಕೊಟ್ಟ ಯಾರೇ ಆಗಲಿ ಕುಳಿತು ಕೇಳಬಹುದಾದ ಬಹಿರಂಗ ಕಚೇರಿಗಳನ್ನು ನಡೆಸಿದರು. 1901ನೆಯ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಯಾವ ಅರಸನ ಸಂಬಳವೂ ಇಲ್ಲದೆ, ಜನರ ದೇಣಿಗೆಯಿಂದಲೂ ತಮ್ಮ ಕಚೇರಿಗಳ ಉತ್ಪನ್ನದಿಂದಲೂ ಅದನ್ನು ನಡೆಸಿದರು. ಅಲ್ಲಿ ತರಗತಿಗಳಿದ್ದವು, ಪಾಠಕ್ರಮವಿತ್ತು, ಪರೀಕ್ಷೆಯಿತ್ತು. ಸ್ವರತಾಳಗಳನ್ನು ಬರೆದು ತೋರಿಸುವ ಒಂದು ಲಿಪಿಯನ್ನು ಪಂಡಿತರು ತಾವೇ ರೂಪಿಸಿ, ಎಳೆಯರಿಗಾಗಿ ‘ಸಂಗೀತ ಬಾಲಪ್ರಕಾಶ’ವೇ ಮೊದಲಾದ ಪಾಠಪುಸ್ತಕಗಳನ್ನು ಅಚ್ಚು ಹಾಕಿಸಿದರು. ಶೃಂಗಾರದ ಚೀಜುಗಳ ಸ್ಥಳದಲ್ಲಿ ಭಕ್ತಿಯ ಪದಗಳನ್ನಿಟ್ಟರು. ಸಂಗೀತವೆಂದರೆ ಮೂಗು ಮುರಿಯುತ್ತಿದ್ದ ಗೃಹಸ್ಥರು ತಮ್ಮ ಮಕ್ಕಳನ್ನು ಸಂಕೋಚವಿಲ್ಲದೆ ಕಳಿಸುವಂತಾದದ್ದು ಇದರಿಂದಲೇ.

ಪುಸ್ತಕದಿಂದ ಗಾನವು ಬರುವದೇ, ಲಿಪಿಯು ರಾಗದ ಜೀವವನ್ನು ಹಿಡಿಯುವದೇ ಎಂದು ಆಕ್ಷೇಪಿಸಿದವರಿದ್ದರು. ಆಕ್ಷೇಪವು ತೀರ ಹುರುಳಿಲ್ಲದ್ದೆಂದು ನಾವು ಹೇಳಲಾರೆವು. ಗುರುವಿನ ಕಂಠದಿಂದ ಬರುವದು ಕಾಗದದಿಂದ ಬಾರದು. ಆದರೆ ಪಂಡಿತರ ಗುರಿಯೇ ಬೇರೆ. ಪ್ರತಿಯೊಬ್ಬ ಹುಡುಗನನ್ನೂ ತಾನಸೇನನನ್ನಾಗಿ ಮಾಡುವದು ಅವರ ಹಟವಾಗಿರಲಿಲ್ಲ; ಸ್ವರವು ಸೇರಿತೋ ತಪ್ಪಿತೋ ಎಂಬದನ್ನು ತಿಳಿಯುವ ಕಿವಿಯು ಊರೂರಿನಲ್ಲಿ ಹುಟ್ಟಬೇಕೆಂಬದು ಅವರ ಆಶೆಯಾಗಿತ್ತು. ಗಣಿತ ಕಲಿತವರೆಲ್ಲರೂ ಭಾಸ್ಕರಾಚಾರ್ಯರಾಗುವದಿಲ್ಲ. ಆದ್ದರಿಂದ ಗಣಿತವನ್ನು ಶಾಲೆಯಿಂದ ತೆಗೆಯಬೇಕೆಂದು ಯಾರೂ ವಾದಿಸುವದಿಲ್ಲ.

ಈ ಕಾರ್ಯಕ್ಕೆ ಪಂಡಿತರು ತೆತ್ತ ಬೆಲೆಯು ಅಲ್ಪವಲ್ಲ. 1908ರಲ್ಲಿ ಮುಂಬಯಿಯಲ್ಲಿ ವಿದ್ಯಾಲಯವನ್ನು ತೆರೆದು ಅದಕ್ಕೆ ಸ್ವಂತ ಕಟ್ಟಡವನ್ನು ಎಬ್ಬಿಸಿದರು. ಅದರ ಸಾಲವು ತೀರದೆ ಕೊನೆಗೆ ಕಟ್ಟಡವೇ ಕೈಬಿಟ್ಟಿತು. ಹುಟ್ಟಿದ ಮಕ್ಕಳಲ್ಲಿ ಬಹುತೇಕರು ಎಳವೆಯಲ್ಲಿಯೇ ತೀರಿಕೊಂಡರು. 1931ನೆಯ ಆಗಸ್ಟ 21ರಂದು, ತಾವು ವಿದ್ಯೆ ಕಲಿತ ಮಿರಜಿನಲ್ಲಿಯೇ ಅವರು ದೇಹವಿಟ್ಟಾಗ, ಉಳಿದಿದ್ದ ಮಗ ದತ್ತಾತ್ರೇಯನಿಗೆ ಹತ್ತು ವರ್ಷ. ಆ ಬಾಲಕನನ್ನು ಮುಂದೆ ಮಹಾಗಾಯಕನನ್ನಾಗಿ ತಿದ್ದಿದವರು ಪಂಡಿತರ ಶಿಷ್ಯರೇ.

ಕಟ್ಟಡ ಹೋಯಿತು, ಶಿಷ್ಯರು ಉಳಿದರು. ಮಹಾತ್ಮಾ ಗಾಂಧಿಯವರ ಕೋರಿಕೆಯಂತೆ ಪಂಡಿತರು ಸಾಬರಮತಿಗೆ ಕಳಿಸಿದ ನಾರಾಯಣ ಮೋರೇಶ್ವರ ಖರೆಯವರು ಆಶ್ರಮದ ಮಕ್ಕಳಿಗೂ ಹಿರಿಯರಿಗೂ ಭಜನೆಯನ್ನು ಕಲಿಸಿದರು. 1930ರಲ್ಲಿ ದಾಂಡಿಯವರೆಗೆ ನಡೆದರು. 1937ರ ವರ್ಧಾ ಶಿಕ್ಷಣಯೋಜನೆಯ ಪಾಠಕ್ರಮದಲ್ಲಿ ನೂಲುವ ರಾಟಿಯ ಜೊತೆಗೆ ಸಂಗೀತಕ್ಕೂ ಸ್ಥಾನ ದೊರೆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆಯಲ್ಲಿ ಕಲೆಗಳಿಗೆ ಸ್ಥಾನವಿರಬೇಕೆಂದೇ ಹೇಳಿವೆ.

ಹೀಗಿರಲು ಈಗ ಕೊರತೆಯಿರುವದು ತತ್ವದಲ್ಲಲ್ಲ, ವೇಳಾಪತ್ರಿಕೆಯಲ್ಲಿ ಮತ್ತು ಶಿಕ್ಷಕರ ನೇಮಕದಲ್ಲಿ. ಕಣ್ಣು ಮಂದವಾದ, ಶಾಲೆಯನ್ನು ಪೂರೈಸದ ಒಬ್ಬ ಮನುಷ್ಯನು ಸರಕಾರದ ಬೊಕ್ಕಸವಿಲ್ಲದೆ ಪಾಠಪುಸ್ತಕವನ್ನೂ ಲಿಪಿಯನ್ನೂ ಶಿಕ್ಷಕರ ಪರಂಪರೆಯನ್ನೂ ಸಿದ್ಧಪಡಿಸಿಟ್ಟು ಹೋದನು. ಬೊಕ್ಕಸವುಳ್ಳವರು ವಾರಕ್ಕೆರಡು ವೇಳೆಯನ್ನೂ, ಹತ್ತಿರದ ನಾಲ್ಕಾರು ಶಾಲೆಗಳಿಗೆ ಕೂಡಿ ಒಬ್ಬ ಸಂಗೀತ ಶಿಕ್ಷಕರನ್ನೂ ಒದಗಿಸಲಾರರೆಂದರೆ ಅದನ್ನು ನಾವು ಒಪ್ಪಲಾರೆವು. ಶಿಕ್ಷಣಾಧಿಕಾರಿಗಳೂ ಪಾಲಕರೂ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂದು ನಮ್ಮ ಅರಿಕೆ.