ಸಂಖ್ಯಾಶಾಸ್ತ್ರದ ಹರಿಕಾರ ಜಾನ್ ಗ್ರಾಂಟ್

ಜಾನ್ ಗ್ರಾಂಟನು 1620ರ ಏಪ್ರಿಲ್ 24ರಂದು ಲಂಡನ್ನಿನ ವರ್ತಕನೊಬ್ಬನ ಮಗನಾಗಿ ಜನಿಸಿದನು. ವಿಶ್ವವಿದ್ಯಾನಿಲಯದಲ್ಲಿ ಓದುವ ಅವಕಾಶ ಆತನಿಗೆ ದೊರೆಯಲಿಲ್ಲ. ಸೂಜಿ, ದಾರ, ಗುಂಡಿಗಳಂತಹ ಸಣ್ಣ ಸರಕುಗಳ ವ್ಯಾಪಾರವನ್ನು ಕಲಿತು ಅಂಗಡಿ ನಡೆಸಿದನು. ಆದರೂ ಜನಸಂಖ್ಯಾಶಾಸ್ತ್ರದ ಜನಕನೆಂದು ಲೋಕವು ಗೌರವಿಸುತ್ತಿರುವುದು ಈ ಅಂಗಡಿಕಾರನನ್ನೇ.

ಆ ಕಾಲದ ಲಂಡನ್ ನಗರಕ್ಕೆ ಪ್ಲೇಗಿನ ಭೀತಿ ತಪ್ಪಿದ್ದಿಲ್ಲ. ಸಾವು ಸಂಭವಿಸಿದ ಮನೆಗೆ ಇಗರ್ಜಿಯವರು ನೇಮಿಸಿದ ವೃದ್ಧೆಯರು ಹೋಗಿ, ಶವವನ್ನು ನೋಡಿ, ಸಾವಿನ ಕಾರಣವನ್ನು ತಿಳಿಸುತ್ತಿದ್ದರು. ಈ ವಿವರಗಳು ವಾರಕ್ಕೊಮ್ಮೆ ಮರಣಪಟ್ಟಿಯಾಗಿ ಅಚ್ಚಾಗುತ್ತಿದ್ದುವು. ಪ್ಲೇಗು ಏರಿತೋ ಇಳಿಯಿತೋ ಎಂದು ನೋಡಿ ಜನರು ಪಟ್ಟಿಯನ್ನು ಬದಿಗಿಡುತ್ತಿದ್ದರು. ಗ್ರಾಂಟನಾದರೋ ಹಲವು ದಶಕಗಳ ಪಟ್ಟಿಗಳನ್ನು ಕಲೆಹಾಕಿ ಅಧ್ಯಯನಕ್ಕೆ ತೊಡಗಿದನು.

ಆ ಪಟ್ಟಿಗಳಲ್ಲಿ ದೊಡ್ಡ ಕೊರತೆಯೊಂದಿತ್ತು. ಸತ್ತವರ ವಯಸ್ಸನ್ನು ಅವುಗಳಲ್ಲಿ ಬರೆದಿರಲಿಲ್ಲ. ಹಾಗಿರುವಾಗ ಎಷ್ಟು ಮಕ್ಕಳು ಸತ್ತರೆಂದು ಅರಿಯುವುದು ಹೇಗೆ? ಗ್ರಾಂಟನು ರೋಗಗಳನ್ನೇ ವರ್ಗಗಳಾಗಿ ವಿಂಗಡಿಸಿದನು. ಇಪ್ಪತ್ತು ವರ್ಷಗಳ 2,29,250 ಸಾವುಗಳಲ್ಲಿ 71,124 ಸಾವುಗಳು ಬಾಲಗ್ರಹ, ಹಲ್ಲು ಮೂಡುವಾಗಿನ ಬಾಧೆ ಮುಂತಾದ ಶಿಶುರೋಗಗಳಿಂದ ಆಗಿದ್ದುವು. ಸಿಡುಬು, ದಡಾರ ಮುಂತಾದ ರೋಗಗಳು ಹಿರಿಯರನ್ನೂ ಬಿಡುವುದಿಲ್ಲವಾದುದರಿಂದ, ಅವುಗಳಿಂದಾದ 12,210 ಸಾವುಗಳಲ್ಲಿ ಅರ್ಧದಷ್ಟನ್ನು ಮಾತ್ರ ಮಕ್ಕಳ ಲೆಕ್ಕಕ್ಕೆ ಸೇರಿಸಿದನು. ಪ್ಲೇಗಿನಿಂದ ಸತ್ತ ಸುಮಾರು 16,000 ಮಂದಿಯನ್ನು ಮೊತ್ತದಿಂದ ಕಳೆದನು. ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದಾರೆಂಬ ದಾರುಣ ಸತ್ಯವು ಹೀಗೆ ಹೊರಬಿದ್ದಿತು. ಇದು ಊಹೆಯೆಂಬುದನ್ನು ಆತನು ಮರೆಮಾಚಲಿಲ್ಲ. ಊಹಿಸಿದ ಬಗೆಯನ್ನೂ ಓದುಗರ ಮುಂದಿಟ್ಟನು.

ಬರೆದುದೆಲ್ಲವೂ ನಿಜವೆಂದು ನಂಬುವವನೂ ಆತನಲ್ಲ. ಪ್ಲೇಗು ತಗುಲಿದ ಮನೆಗೆ ಬೀಗ ಹಾಕಿ ಒಳಗಿನವರನ್ನೆಲ್ಲ ಕೂಡಿಹಾಕುವ ಕಟ್ಟಳೆಯಿತ್ತು. ಅದಕ್ಕೆ ಅಂಜಿ ರೋಗದ ಹೆಸರನ್ನು ಮರೆಸುವವರಿದ್ದರು. 1625ರಲ್ಲಿ ಪ್ಲೇಗಿನ ಸಾವುಗಳು 35,417 ಎಂದೂ ಇತರ ಸಾವುಗಳು 18,848 ಎಂದೂ ದಾಖಲಾಗಿತ್ತು. ಇತರ ಸಾವುಗಳು ಸಾಮಾನ್ಯ ವರ್ಷಗಳಲ್ಲಿ ಏಳೆಂಟು ಸಾವಿರವನ್ನು ಮೀರುತ್ತಿರಲಿಲ್ಲ. ಹೆಚ್ಚಿನ ಸುಮಾರು 11,000 ಸಾವುಗಳೂ ಪ್ಲೇಗಿನವೇ ಆಗಿರಬೇಕೆಂದು ಗ್ರಾಂಟನು ತರ್ಕಿಸಿದನು.

1662ರಲ್ಲಿ ಆತನ ಗ್ರಂಥವು ಪ್ರಕಟವಾಯಿತು. ಅದೇ ವರ್ಷ, ದೊರೆ ಎರಡನೆಯ ಚಾರ್ಲ್ಸನ ಬೆಂಬಲದಿಂದ, ವಿದ್ವಾಂಸರ ರಾಯಲ್ ಸೊಸೈಟಿಯು ಈ ವರ್ತಕನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಆದರೆ ಭಾಗ್ಯವು ಬಹುಕಾಲ ಉಳಿಯಲಿಲ್ಲ. 1666ರ ಮಹಾ ಅಗ್ನಿದುರಂತದಲ್ಲಿ ಮನೆ ಸುಟ್ಟುಹೋಯಿತು. ಬಡತನಕ್ಕೀಡಾದ ಗ್ರಾಂಟನು 1674ರ ಏಪ್ರಿಲ್ 18ರಂದು ಕಾಮಾಲೆಯಿಂದ ತೀರಿಕೊಂಡನು.

ಇಂದು ಲಕ್ಷಾಂತರ ಅಂಕಿಗಳನ್ನು ಕಂಪ್ಯೂಟರು ಕ್ಷಣದಲ್ಲಿ ಎಣಿಸುತ್ತದೆ. ಆದರೆ ಪಟ್ಟಿಯಲ್ಲಿ ಖಾಲಿ ಬಿಟ್ಟ ಸ್ಥಳವನ್ನು ಸೊನ್ನೆಯೆಂದು ಎಣಿಸಬೇಕೋ, ತಿಳಿಯದ್ದೆಂದು ಗುರುತಿಸಬೇಕೋ, ತಕ್ಕ ಆಧಾರದಿಂದ ಅಂದಾಜು ಮಾಡಬೇಕೋ ಎಂಬುದನ್ನು ಮನುಷ್ಯನೇ ಅದಕ್ಕೆ ತಿಳಿಸಿಕೊಡಬೇಕು. ಯಾವುದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ವಿವೇಕವೂ ಅವನದೇ. ಪಟ್ಟಿಯಲ್ಲಿ ವಯಸ್ಸಿಲ್ಲವೆಂದು ಗ್ರಾಂಟನು ಸುಮ್ಮನಾಗಿದ್ದರೆ, ಲೆಕ್ಕಕ್ಕೆ ಬಾರದೆ ಹೋದ ಆ ಮಕ್ಕಳ ಅಳಲು ಯಾರಿಗೂ ಕೇಳಿಸುತ್ತಿರಲಿಲ್ಲ.